ನಲವತ್ತೇಳನೇ ಪುಟ

ಗುತ್ತಲು ರಸ್ತೆಯ ಬಾಡಿಗೆ ಪುಸ್ತಕದಂಗಡಿ, ದಿನಕ್ಕೆ ಎಂಟಾಣೆ.
ಕೈಗೆತ್ತಿಕೊಂಡರೆ ತಾನಾಗಿ ತೆರೆದುಕೊಳ್ಳುತ್ತಿತ್ತು ಆ ಕಾದಂಬರಿ
ನಲವತ್ತೇಳನೇ ಪುಟಕ್ಕೆ.
ಎಷ್ಟು ಹೆಬ್ಬೆರಳು ಒತ್ತಿದ್ದವೋ ಅಲ್ಲಿ.

ಹದಿನೈದರ ಹುಡುಗಿ ನಾಲೆಯಿಂದ ಎದ್ದು ಬರುತ್ತಾಳೆ.
ಮೆಟ್ಟಿಲು ಮೂರೇ. ಹತ್ತುವುದಕ್ಕೆ ಎರಡು ಪುಟ.
ಹೊಂಗೆ ಮರದ ಹಿಂದೆ ನಾಯಕ.
ಅವನು ನೋಡಿದಷ್ಟೇ ಅವಳು.
ಹೆಸರು ಗೊತ್ತಾಗುವುದು ಆಮೇಲೆ, ಅರವತ್ತರಲ್ಲಿ.

ನನಗೂ ಹದಿನೈದು. ನಮ್ಮೂರಿನದೂ ನಾಲೆಯೇ.
ಜಮಖಾನ ಒಗೆಯಲು ಹೋಗಿ
ಹವಾಯಿ ಚಪ್ಪಲಿಯ ಒಂದು ಕಾಲು ತೇಲಿಹೋಯಿತೆಂದು
ಏರಿಯುದ್ದಕ್ಕೂ ಓಡಿದ್ದೆ, ಮೂಗಿನೊಳಗೆಲ್ಲ ನೀರು,
ಅಂಗಾಲಿಗೆ ಜಾಲಿಮುಳ್ಳು, ಮನೆಯಲ್ಲಿ ಅವ್ವ.
ಇದು ಯಾವ ಪುಟದಲ್ಲೂ ಇರಲಿಲ್ಲ.
ಹುಡುಗಿಯಾಗುವುದು ನನಗೆ ಬರುವುದಿಲ್ಲ
ಅಂದುಕೊಂಡೇ ಎಸ್ಸೆಸ್ಸೆಲ್ಸಿ ಮುಗಿಸಿದೆ.

ಒಂದೇ ಸಾಲಿನ ಕೆಳಗೆ ಪೆನ್ಸಿಲ್ ಗೀಟು,
ಗೀಟಿನ ಮೇಲೆ ಗೀಟು, ಹಾಳೆ ಹರಿಯುವಷ್ಟು.
ಪಕ್ಕದ ಅಂಚಿನಲ್ಲಿ, ಸಣ್ಣಗೆ, ಯಾವಳದೋ ಸೊಟ್ಟ ಅಕ್ಷರ:
‘ಚಳಿ ಆಗ್ನಿಲ್ವಾ ಅವ್ಳ್‌ಗೆ?’

ಪುಸ್ತಕದಲ್ಲಿ ಗೀಚಿದರೆ ಎರಡು ರೂಪಾಯಿ ದಂಡ
ಎಂದು ಗೋಡೆ ಮೇಲೆ ಬರೆಸಿದ್ದರು ಚಿಕ್ಕಲಿಂಗಯ್ಯ.
ಕೆಳಗೆ ನಾನು ಬರೆದೆ:
‘ಆಯ್ತು. ಚಪ್ಲಿನೂ ಸಿಗ್ನಿಲ್ಲ.’