ಏಳು ಎಲೆ

ಕೊಡಿಯಾಲ್‌ಬೈಲಿನ ಜೈಲಿನ ಗೇಟಿನಲ್ಲಿ ನನ್ನ ಕೆಲಸ
ಊಟ ಹಾಳು ಮಾಡುವುದು.
ಬನ್ಸ್ ಮುರಿಯುತ್ತೇನೆ, ಸಾರಿನೊಳಗೆ ಚಮಚ ಇಳಿಸಿ
ತಳ ಕೆರೆಯುತ್ತೇನೆ, ಬಾಳೆಹಣ್ಣಿಗೆ ಸೂಜಿ.
ಹೋದ ವಾರ ಗೋಡೆ ದಾಟದೆ ರಸ್ತೆಗೇ ಬಿದ್ದ
ಟೆನಿಸ್ ಚೆಂಡನ್ನು ಶಾಲೆಯ ಹುಡುಗ ತಂದುಕೊಟ್ಟ:
"ಸರ್, ಇದು ಪುಟಿಯುವುದಿಲ್ಲ."
ಒಳಗೆ ಗಾಂಜಾ.

ಬೋರ್ಡಿನಲ್ಲಿ ಕಾನೂನು ಇದೆ. ಒಳಗೆ ತಂದರೂ
ಹೊರಗೆ ಒಯ್ದರೂ ಇಷ್ಟು ವರ್ಷ.
ಆ ಅಂಕೆಯ ಮೇಲೆ ಯಾರೋ
ಸುಣ್ಣದ ಬೆರಳು ಒರೆಸಿದ್ದಾರೆ.

ಇವತ್ತು ಬೋಳೂರಿನ ಸಂಕಮ್ಮ.
ಡಬ್ಬಿಯಲ್ಲಿ ಪತ್ರೊಡೆ, ಸುರುಳಿ ಕತ್ತರಿಸಿಲ್ಲ.
"ಏಳು ಎಲೆ ಹಚ್ಚಿದ್ದೇನೆ ಮಗಾ, ಎಣಿಸಿ ಕೊಡು."

ಬಿಚ್ಚಿದೆ. ಒಂದು, ಎರಡು,
ಹಿಟ್ಟು ಉಗುರಿಗೆ ಮೆತ್ತಿತು. ತೆಂಗಿನೆಣ್ಣೆಯ ಪರಿಮಳ,
ನನಗೂ ಹಸಿವು.
ಐದನೆಯ ಎಲೆಯ ನರದ ಪಕ್ಕ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸಿಮ್ಮು.

ಅವಳು ಅಳಲಿಲ್ಲ. ಗೊತ್ತಿಲ್ಲ ಎನ್ನಲೂ ಇಲ್ಲ.
"ಮುಕ್ಕಾಲು ಗಂಟೆ ಹಬೆಯಲ್ಲಿ ಬೆಂದದ್ದು,
ಇನ್ನು ಅದು ಮಾತಾಡೀತಾ?" ಎಂದಳು.
ಆಮೇಲೆ, ಯಾರಿಗೆಂದು ಇಲ್ಲದೆ:
"ಅವನ ಮಗುವಿಗೆ ಮೊನ್ನೆ ಮಾತು ಬಂತು."

ರೈಟರ್ ಹೆಸರು ಕೇಳಿದರು, ಗಂಡನ ಹೆಸರು, ಪ್ರಾಯ.
ಪಂಚನಾಮೆಗೆ ನಾನು ಎಲೆ ಎಣಿಸಿದೆ. ಏಳು, ಸರಿ ಇದೆ.
ಅಂಗೈ ತುರಿಸತೊಡಗಿತು,
ಪೆನ್ನು ಬಿಟ್ಟು ಪ್ಯಾಂಟಿಗೆ ಉಜ್ಜಿದೆ, ಮತ್ತೂ ಉಜ್ಜಿದೆ.

ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳುತ್ತಲೇ
ಅವಳು ನೋಡಿದಳು.
"ಹುಳಿ ಕಡಿಮೆಯಾಯಿತು ಕಾಣ್ತದೆ," ಎಂದಳು,
"ಪುನರ್ಪುಳಿ ಇದ್ದರೆ ತಿಕ್ಕು ಮಗಾ,
ಕೆಸು ಹಾಗೆ ಬಿಡುವುದಿಲ್ಲ."