ಗಾಳಿ ಡಬ್ಬಿ

"ಏರಿನಲ್ಲಿ ಎಳೀತಿಲ್ಲ ಹುಸೇನಪ್ಪ, ಕರಿ ಹೊಗೆ ಬೇರೆ"
ಅಂದರು ವಸುಮತಿ ಟೀಚರು,
ಹಳೇ ಸ್ಕೂಲ್ ಬಸ್ಸನ್ನೇ ಮನೆ ಮಾಡಿಕೊಂಡವರು.
ಒಳಗೆ ಮಂಚ, ಸ್ಟೋವು, ಹಗ್ಗಕ್ಕೆ ಒಣಹಾಕಿದ ಟವೆಲು,
ಕಿಟಕಿ ಮೇಲೆ ಇನ್ನೂ ಅಳಿಸದ ಅಕ್ಷರ:
ಕೈ ಹೊರಗೆ ಹಾಕಬೇಡಿ.

ನಾಲ್ಕು ತಿಂಗಳು ಆದವಾನಿಯಲ್ಲೇ ನಿಂತಿತ್ತು ಬಂಡಿ
ಜಿನ್ನಿಂಗ್ ಮಿಲ್ಲಿನ ಗೋಡೆಗೆ ಒತ್ತಿಕೊಂಡು,
ಟೀಚರ ಮೊಣಕಾಲು ವಾಸಿಯಾಗುವವರೆಗೆ.

ಮೂರು ಕ್ಲಿಪ್ಪು ಸಲೀಸಾಗಿ ಬಿಚ್ಚಿದವು. ನಾಲ್ಕನೆಯದಕ್ಕೆ
ಯಾರೋ ಪುಣ್ಯಾತ್ಮ ತಂತಿ ಸುತ್ತಿದ್ದ.
ಮುಚ್ಚಳ ಎತ್ತಿದರೆ
ಹತ್ತಿ.
ಬಾಣಂತಿಯ ಹಾಸಿಗೆಯಂತೆ ಮೆತ್ತಗೆ, ನಡುವೆ ತಗ್ಗು,
ಬದಿಗೆ ಐದಾರು ಶೇಂಗಾ ಸಿಪ್ಪೆ.
ಇಲಿ ಬಂದು ಹೆತ್ತು ಹೋಗಿದೆ.
"ಮನೆಯೊಳಗೊಂದು ಮನೆ ಟೀಚರ್," ಕೌಲುಟ್ಲ ನಕ್ಕ,
"ಬಾಡಿಗೆ ಕೊಟ್ಟಿಲ್ಲ."

ಫಿಲ್ಟರಿನ ಮಡಿಕೆ ಮಡಿಕೆಗೂ ದೂಳು,
ಮೇಲೆ ಬಿಳಿ ನಾರು, ಕೆಳಗೆ ಆಲೂರು ದಾರಿಯ ಕರಿಮಣ್ಣು,
ಅದಕ್ಕೂ ಕೆಳಗೆ ಏನೋ ಘಾಟು. ಕೌಲುಟ್ಲ ಸೀನಿದ.
"ಬ್ಯಾಡಗಿಯಲ್ಲಿ ಮೂರು ದಿನ ಇದ್ದೆ," ತಪ್ಪೊಪ್ಪಿದಂತೆ ಟೀಚರು,
"ಮೆಣಸಿನಕಾಯಿ ರಾಶಿ ಪಕ್ಕಕ್ಕೇ."

ಒಳಗೆ ಬಲ್ಬು ಹಿಡಿದು ತಿರುಗಿಸಿದೆ. ಬೆಳಕು ದಾಟಲಿಲ್ಲ.
ಕುಟ್ಟುವಂತಿಲ್ಲ, ತೊಳೆಯುವಂತಿಲ್ಲ, ಕಾಗದದ ಜಾತಿ;
ಗಾಳಿ ಹೊಡೆದರೂ ಒಳಗಿಂದ ಹೊರಕ್ಕೆ, ಮೊಳ ದೂರದಿಂದ.
ಇದರ ಆಯುಸ್ಸು ಮುಗಿದಿತ್ತು. ಹೊಸದಕ್ಕೆ ಹೇಳಿಕಳಿಸಿದೆ.

ಆಮೇಲೆ ಕೊಳವೆ. ಎಲ್ಲರೂ ಮರೆಯುವ ಕೊಳವೆ.
ಕಣ್ಣು ಹೋಗದಲ್ಲಿ ಬೆರಳು ಹೋಗಬೇಕು:
ಕ್ಲಾಂಪಿನ ಹಿಂದೆ ಒಂದು ಬಿರುಕು, ಉಗುರು ತೂರುವಷ್ಟು.
ಫಿಲ್ಟರಿಗೆ ಮುಖ ತೋರಿಸದೆ
ಹಿತ್ತಲ ಬಾಗಿಲಿಂದ ಹೋಗುವ ನುಣ್ಣನೆ ದೂಳು,
ಪೌಡರಿನಂಥದು.
ಎಂಜಿನ್ ತಿನ್ನುವುದು ಇದೇ.

ಅವ್ವ ಇದೇ ಗೋಡೆಯಾಚೆ ಹತ್ತೊಂಬತ್ತು ವರ್ಷ
ಯಂತ್ರದ ಬಾಯಿಗೆ ಹತ್ತಿ ಉಣಿಸಿದಳು, ಮೂಗಿಗೆ ಸೆರಗು.
ಸೋಮವಾರ ಮಾತ್ರ ಎದೆ ಬಿಗೀತದ ಅನ್ನುತ್ತಿದ್ದಳು,
ರಜೆ ಮುಗಿಸಿ ಹೋದ ದಿನ.
ಆಮೇಲೆ ಮಂಗಳವಾರವೂ.
ಆಮೇಲೆ ನಾವು ವಾರ ಕೇಳುವುದು ಬಿಟ್ಟೆವು.
ಕರ್ನೂಲಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ನನ್ನನ್ನು ಕೇಳಿದ್ದು ಒಂದೇ:
ಬೀಡಿ ಸೇದ್ತಾಳೇನು?

ಟೀಚರಿಗೆ ಹೇಳಿದ್ದು ಇಷ್ಟು:
ಕೊಳವೆಗೆ ನಾನೂರ ಇಪ್ಪತ್ತು, ಕ್ಲಾಂಪು ಎರಡು.
ಗಾಳಿ ಎಳೆಯುವ ಬಾಯಿ ಹಿಂಗಾಲಿಯ ಬಳಿ ಇಟ್ಟಿದ್ದಾರೆ ದಡ್ಡರು,
ಮೇಲಕ್ಕೆತ್ತಿಸಿ. ಬಾಯಿಗೊಂದು ಜಾಲರಿ ಹಾಕಿಸಿ.
ತಿಂಗಳುಗಟ್ಟಲೆ ನಿಲ್ಲಿಸಿದರೆ, ಹೊರಡುವ ಮುನ್ನ ಒಮ್ಮೆ ಇಣುಕಿ.

ಎಂಜಿನ್ ಹಚ್ಚಿ ಬಾಯಿಗೆ ಅಂಗೈ ಒಡ್ಡಿದೆ.
ಕೈ ಹಿಡಿದು ಒಳಕ್ಕೆ ಕರೆದಂತೆ ಎಳೆಯಿತು.
"ಹೂಂ," ಅಂದೆ.

ಬಸ್ಸು ತಿರುವು ದಾಟಿತು. ಮಿಲ್ಲಿನ ಸೈರನ್ನು ಕೂಗಿತು.
ನೆಲದ ತುಂಬ ಇಲಿಯ ಹಾಸಿಗೆ, ಮೂರು ಊರ ದೂಳು.
ಪೊರಕೆ ಎತ್ತಿದ ಕೌಲುಟ್ಲನ ಕೈ ಹಿಡಿದೆ:
ಮೊದಲು ನೀರು ಚಿಮುಕಿಸೋ,
ಆಮೇಲೆ ಗುಡಿಸು.