ಕತ್ತರಿ

ಆ ಮನೆ ಬೇಡ ಅಂತ ಬರೆದ ಅರ್ಜಿಯಲ್ಲಿ
ಹನ್ನೊಂದನೇ ಸಹಿ ನನ್ನದು.
ಕೌಲ್ ಬಜಾರಿನ ಈ ಓಣಿಯಲ್ಲಿ ಮಕ್ಕಳದಾವು, ಅಂದಿದ್ದೆ.
ನನಗೆ ಮಕ್ಕಳಿಲ್ಲ.

ಆದರೂ ಬಂದರು ಐದು ಮಂದಿ ಹೆಂಗಸರು
ಆಸ್ಪತ್ರೆ ಗಾಡಿ ಇಳಿದು, ಒಂದೊಂದು ಪ್ಲಾಸ್ಟಿಕ್ ಚೀಲ,
ಒಬ್ಬಾಕೆಗೆ ಅದೂ ಇಲ್ಲ.
ಗುಂತಕಲ್ ಪ್ಯಾಸೆಂಜರಿನ ಸೀಟಿನಡಿ ಸಿಕ್ಕಿದ್ದಳಂತೆ.
ಹೆಸರು ಕೇಳಿದರೆ ದಿನಕ್ಕೊಂದು.
ಮಂಗಳವಾರ ಈರಮ್ಮ.

ಮೊದಲು ಹೋದವಳು ಎದುರುಮನೆ ಖಾಜಾಬಿ, ಒಗ್ಗಾಣಿ ಹೊತ್ತು.
ಆಮೇಲೆ ಗಿರಣಿ ತಿಪ್ಪೇರುದ್ರ,
ರಾತ್ರಿ ಗುಳಿಗೆ ಹೊತ್ತಿಗೆ ಬಾಗಿಲು ಬಡಿದು
"ನುಂಗಿದ್ರೇನ್ರವ್ವಾ" ಅಂತ ಕೇಳಿ ಹೋಗುವನು.
ಆರೇ ತಿಂಗಳ ಮನೆ, ಆಮೇಲೆ ಅವರವರ ದಾರಿ, ಅಂದರು.
ನಾಲ್ಕು ತಿಂಗಳು ನಾನು ಕಿಟಕಿ ಮುಚ್ಚಿಕೊಂಡೇ ಇದ್ದೆ,
ಬಳ್ಳಾರಿಯ ಬಿಸಿಲಿಗೆ
ಬೆಂದವಳು ನಾನೇ.

ನಮ್ಮ ಓಣಿಯ ಹೊಟ್ಟೆಪಾಡು ಜೀನ್ಸ್ ಪ್ಯಾಂಟಿನ
ಉಳಿದ ದಾರ ಕತ್ತರಿಸುವುದು.
ಬೆರಳು ನೀಲಿ, ಕಲಸಿದ ಅನ್ನದ ಅಂಚೂ ನೀಲಿ.
ಒಂದು ಮಧ್ಯಾಹ್ನ ಅವಳು ಬಂದು ನನ್ನ ಕಟ್ಟೆ ಮೇಲೆ ಕೂತಳು.
ಪ್ಯಾಂಟೊಂದನ್ನು ತೊಡೆಯ ಮೇಲೆ ಹಾಸಿ
ಹಲ್ಲಿಂದ ದಾರ ಕಡಿಯತೊಡಗಿದಳು.
ಒಂದು. ಇನ್ನೊಂದು.
ತುಟಿ ನೀಲಿಯಾಯಿತು.

ಕತ್ತರಿ ನನ್ನ ಮಡಿಲಲ್ಲಿತ್ತು.
ಅರ್ಜಿಯಲ್ಲಿ "ಚೂಪಾದ ವಸ್ತುಗಳು" ಅನ್ನುವ ಮಾತು
ಸೇರಿಸು ಅಂದವಳೂ ನಾನೇ.

ಹಿಡಿಕೆಯನ್ನು ಅವಳ ಕಡೆ ತಿರುಗಿಸಿ ಕೊಟ್ಟೆ.
ತಗೊಂಡಳು, ಮುಖ ಎತ್ತದೆ.
ಎರಡು ದಾರ ಕತ್ತರಿಸಿ ನೋಡಿ
"ಮೊಂಡಾಗ್ಯದ" ಅಂದಳು, "ಸಾಣೆ ಹಿಡಿಸು."

ಸಾಣೆಯವನು ಬರುವುದು ಶುಕ್ರವಾರ.
ಅವತ್ತು ಇವಳ ಹೆಸರು
ಏನಿರುತ್ತದೋ.